ಒಣಮೆಣಸಿನ ಕೆಂಪು

ನನ್ನ ಕಣ್ಣಿಗೆ ಏನೋ ಆಗಿದೆ ಎಂದು ಮೊದಲು ಗಮನಿಸಿದವರು ನಮ್ಮ ಅತ್ತೆ. ಆದರೆ ಅವರು ಅದನ್ನು ಕಾಯಿಲೆ ಅಂದುಕೊಳ್ಳಲಿಲ್ಲ, ಸಿಟ್ಟು ಅಂದುಕೊಂಡರು.

"ಎಂತ ಮಂಗಲಾ, ನನ್ನ ಮೇಲೆ ಹಂಗೆ ಕಣ್ಣು ಬಿಡ್ತ್ಯೆ? ಸಾರಿಗೆ ಉಪ್ಪು ಕಮ್ಮಿ ಅಂದದ್ದಕ್ಕೆ ಇಷ್ಟೆಲ್ಲ ಸಿಟ್ಟಾ?"

ನಾನು ಕಣ್ಣು ಬಿಟ್ಟಿರಲಿಲ್ಲ, ಸುಮ್ಮನೆ ನೋಡಿದ್ದೆ ಅಷ್ಟೆ. ಹಾಗೆಂದರೆ ಅವರು ನಂಬಲಿಲ್ಲ, ನನ್ನೊಡನೆ ಮಾತು ಬಿಟ್ಟರು. ನಾನೂ ಬಗ್ಗುವ ಪೈಕಿ ಅಲ್ಲ, ಬಿಟ್ಟರೆ ಬಿಡಲಿ ಎಂದು ನನ್ನ ಪಾಡಿಗೆ ಇದ್ದೆ. ಆಮೇಲೊಂದು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ನನ್ನ ಮುಖ ನೋಡಿ ನನಗೇ ಎದೆ ಧಸಕ್ಕೆಂದಿತು. ಕಪ್ಪುಗುಡ್ಡೆಯ ಮೇಲೂ ಬಿಳಿ ಕಾಣುತ್ತಿತ್ತು. ಯಾರೋ ಹಿಂದಿನಿಂದ ಬಂದು ಬೆದರಿಸಿದಾಗ ಕಣ್ಣು ಹೇಗಾಗುತ್ತದೋ ಹಾಗೆ. ಬೆದರಿದ ಕಣ್ಣು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ನನ್ನದು ಇಳಿಯಲಿಲ್ಲ. ಅತ್ತೆಯ ಹತ್ತಿರ ಹೋಗಿ, "ನೋಡಿ, ಈಗ ನಂಗೆ ಯಾರ ಮೇಲೂ ಸಿಟ್ಟಿಲ್ಲ, ಆದ್ರೂ ಹಿಂಗೇ ಅದೆ" ಎಂದೆ. ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಮಾತು ಬಿಟ್ಟದ್ದು ಅವರಿಗೆ ಮರೆತೇಹೋಯಿತು.

ನಮ್ಮದು ಅಮದಳ್ಳಿ. ಮನೆಯಲ್ಲಿ ಮೂವರೇ: ಅತ್ತೆ, ನಾನು, ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮವರು. ಸ್ವಲ್ಪ ಗದ್ದೆ ಇದೆ, ಅದು ನನ್ನ ಪಾಲಿನದು. ಅದಲ್ಲದೆ ಕೇರಿಯಲ್ಲಿ ನನಗೆ ಇನ್ನೊಂದು ಕೆಲಸವಿದೆ. ಕೂಸುಗಳಿಗೆ ದೃಷ್ಟಿ ತೆಗೆಯುವುದು. ಅತ್ತೆಯಿಂದ ಬಂದದ್ದು, ಅವರ ಕೈ ನಡುಗತೊಡಗಿದ ಮೇಲೆ ನನಗೆ ಬಿಟ್ಟುಕೊಟ್ಟರು. ಮಗು ಹಾಲು ಕುಡಿಯದೆ ಅತ್ತರೆ, ಸುಮ್ಮನೆ ಬೆಚ್ಚಿಬಿದ್ದರೆ, ದೀಪ ಹಚ್ಚುವ ಹೊತ್ತಿಗೆ ತಾಯಂದಿರು ಎತ್ತಿಕೊಂಡು ಬರುತ್ತಾರೆ. ಉಪ್ಪು, ಸಾಸಿವೆ, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ಮಗುವಿನ ಸುತ್ತ ನಿವಾಳಿಸಿ ಒಲೆಗೆ ಹಾಕುತ್ತೇನೆ. ಘಾಟು ಬಂದು ಎಲ್ಲರೂ ಕೆಮ್ಮಿದರೆ ದೃಷ್ಟಿ ಹೆಚ್ಚೇನಿಲ್ಲ. ಘಾಟು ಬರಲಿಲ್ಲ, ಇಲ್ಲವೇ ಕೈಯಲ್ಲಿರುವಾಗಲೇ ಮೆಣಸು ಕಪ್ಪಾಯಿತು ಎಂದರೆ ಭಾರೀ ದೃಷ್ಟಿ ಎಂದು ಲೆಕ್ಕ. ಇದನ್ನು ನಂಬುತ್ತೀರಾ ಎಂದು ಓದಿದವರು ಕೇಳುತ್ತಾರೆ. ಮಗು ಆಮೇಲೆ ನಿದ್ದೆ ಮಾಡುತ್ತದೆ, ತಾಯಿಯೂ ಮಾಡುತ್ತಾಳೆ. ನನಗೆ ಅಷ್ಟು ಸಾಕು.

ನನ್ನ ಕಣ್ಣು ಕಂಡ ಮೇಲೆ ಅತ್ತೆ ಹೇಳಿದ್ದೂ ಅದನ್ನೇ. "ಊರ ಕೂಸುಗಳ ದೃಷ್ಟಿಯೆಲ್ಲ ತೆಗ್ದು ತೆಗ್ದು ನಿಂಗೇ ತಾಗಿದೆ. ಕೂತ್ಕೋ ಇಲ್ಲಿ." ನಡುಗುವ ಕೈಯಲ್ಲೇ ನಿವಾಳಿಸಿದರು. ಘಾಟಿಗೆ ನನ್ನ ಕಣ್ಣು ಬೆಂಕಿ ಬಿದ್ದಂತೆ ಉರಿದು ನೀರು ಸುರಿಯಿತು. ನೀರಿನೊಟ್ಟಿಗೆ ಎಲ್ಲ ಹೋಯಿತು ಎಂದು ಅತ್ತೆ ಸಮಾಧಾನಪಟ್ಟರು. ಮಾರನೆಯ ದಿನ ಕಣ್ಣಿನ ಬಿಳಿಯೆಲ್ಲ ಕೆಂಪು. ಮರಳು ಹೊಕ್ಕಂತೆ ಚುಚ್ಚುತ್ತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಕಣ್ಣೊಂದೇ ಅಲ್ಲ. ಉಂಡರೂ ಮೈ ಇಳಿಯುತ್ತಿತ್ತು. ರವಿಕೆಗಳೆಲ್ಲ ಸಡಿಲವಾಗಿದ್ದವು. ಸುಮ್ಮನೆ ಕೂತರೂ ಎದೆ ಓಡುತ್ತಿತ್ತು, ಚಾ ಲೋಟ ಹಿಡಿದರೆ ಬೆರಳು ನಡುಗುತ್ತಿದ್ದವು. ವಯಸ್ಸಿನ ತೊಂದರೆ, ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತದೆ ಎಂದುಕೊಂಡಿದ್ದೆ. ನಮ್ಮ ಹೆಂಗಸರು ಎಲ್ಲದಕ್ಕೂ ಅದನ್ನೇ ಹೇಳಿಕೊಳ್ಳುತ್ತೇವೆ.

ನನ್ನ ತವರು ಅಂಕೋಲೆಯ ಅಗಸೂರು. ಅಲ್ಲಿಗೆ ಹೋದಾಗ ಅಣ್ಣ ಬಾಗಿಲಲ್ಲೇ ನಿಂತು ನೋಡಿದ. "ಏ ತಂಗಿ, ಎಂತ ಆಯ್ತೆ ನಿಂಗೆ? ಮೈಯೆಲ್ಲ ಇಳ್ದು ಕಣ್ಣು ಮಾತ್ರ ಉಳ್ದದೆ." ಕೈಕಾಲು ತೊಳೆಯಲೂ ಬಿಡದೆ ಅಂಕೋಲೆ ಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟ. ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿ ಒಬ್ಬ ತಾಯಿ, ತೊಡೆಯ ಮೇಲೆ ಮಗು. ಮಗು ನನ್ನನ್ನು ನೋಡಿದ್ದೇ ಬಾಯಿ ಓರೆ ಮಾಡಿ ಅಳಲು ಶುರು ಮಾಡಿತು. ತಾಯಿ ನನ್ನ ಮುಖ ನೋಡಿದಳು, ಸೆರಗು ಎಳೆದು ಮಗುವಿನ ತಲೆಯ ಮೇಲೆ ಹಾಕಿದಳು, ಮೆಲ್ಲಗೆ ಆ ಕಡೆ ತಿರುಗಿ ಕೂತಳು. ಬೇರೆ ಯಾರಿಗೂ ಅದು ಗೊತ್ತಾಗಿರಲಿಕ್ಕಿಲ್ಲ. ನನಗೆ ಗೊತ್ತಾಯಿತು. ಕೆಟ್ಟ ಕಣ್ಣಿನವರು ಎದುರಾದರೆ ಹೀಗೆ ಮಾಡಿ ಎಂದು ಎಷ್ಟೋ ತಾಯಂದಿರಿಗೆ ಹೇಳಿಕೊಟ್ಟವಳೇ ನಾನು. ಪೇಟೆ ಬರುವವರೆಗೆ ತಲೆ ತಗ್ಗಿಸಿ ನನ್ನ ಕಾಲುಂಗುರ ನೋಡುತ್ತ ಕೂತಿದ್ದೆ.

ಆ ಡಾಕ್ಟರು ಕಣ್ಣು ನೋಡಿದ ಮೇಲೆ ಕುತ್ತಿಗೆ ನೋಡಿದರು. ಕೈ ಮುಂದೆ ಚಾಚಲು ಹೇಳಿ ಬೆರಳ ಮೇಲೆ ಕಾಗದ ಇಟ್ಟರು. ಕಾಗದ ಪಟಪಟ ನಡುಗಿತು. "ಅಮ್ಮಾ, ಇದು ಕಣ್ಣಲ್ಲಿ ಶುರುವಾದದ್ದಲ್ಲ, ಥೈರಾಯ್ಡ್ ಇರ್ಬೇಕು. ತಡ ಮಾಡ್ಬೇಡಿ, ಕಾರವಾರದಲ್ಲಿ ರಕ್ತ ಕೊಡಿ" ಎಂದು ಕಣ್ಣಿಗೆ ಹನಿ ಬರೆದುಕೊಟ್ಟರು.

ಕಾರವಾರದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟೆ. ಥೈರಾಯ್ಡ್ ಹೌದೆಂದಾಯಿತು. ಸುದ್ದಿ ತಿಳಿದವರೆಲ್ಲ ನಕ್ಕರು. ಅಷ್ಟೇನಾ, ನನ್ನ ಅಕ್ಕನಿಗೂ ಉಂಟು, ನನ್ನ ಸೊಸೆಗೂ ಉಂಟು, ಬೆಳಿಗ್ಗೆ ಒಂದು ಮಾತ್ರೆ ನುಂಗಿದರೆ ಮುಗಿಯಿತು ಎಂದರು. ಅವರದು ಮೈ ಬರುವ ಥೈರಾಯ್ಡ್, ನನ್ನದು ಮೈ ಇಳಿಸುವಂಥದು. ಅದನ್ನು ಎಷ್ಟು ಜನಕ್ಕೆ ಬಿಡಿಸಿ ಹೇಳುವುದು? ಮಾತ್ರೆ ನುಂಗಿದೆ. ಎದೆಯ ಓಟ ನಿಂತಿತು, ನಡುಕ ಇಳಿಯಿತು, ಅನ್ನ ಮೈಗೆ ಹತ್ತತೊಡಗಿತು. ಕಣ್ಣು ಮಾತ್ರ ಇನ್ನೂ ಮುಂದೆ ಬಂತು. ಇದು ನನ್ನನ್ನು ಹೆಚ್ಚು ಹೆದರಿಸಿತು. ಔಷಧಿ ಕೆಲಸ ಮಾಡುತ್ತಿದೆ ಎಂದು ರಕ್ತ ಪರೀಕ್ಷೆಯ ಕಾಗದ ಹೇಳುತ್ತದೆ, ಕನ್ನಡಿ ಬೇರೆಯೇ ಹೇಳುತ್ತದೆ.

ಕೇಳಿದ್ದಕ್ಕೆ ಅಲ್ಲಿಯ ಡಾಕ್ಟರು, ಕೆಲವರಿಗೆ ಹೀಗಾಗುತ್ತದೆ, ಕಣ್ಣು ತನ್ನದೇ ದಾರಿ ಹಿಡಿಯುತ್ತದೆ ಎಂದರು. ಹೊಗೆಯ ಹತ್ತಿರ ಹೋಗಬೇಡಿ ಎಂದರು. ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದರು: ನೋಟ ಮಸುಕಾದರೆ, ಬಣ್ಣ ಮಂಕಾದರೆ ಒಂದು ದಿನವೂ ಕಾಯಬೇಡಿ. ನಾನು ಹೂಂ ಎಂದೆ. ಬಣ್ಣ ಮಂಕಾಗುವುದೆಂದರೆ ಪೂರ್ತಿ ಕತ್ತಲೆಯಂಥ ಏನೋ ಇರಬೇಕು, ಹಾಗಾದರೆ ಗೊತ್ತಾಗದೆ ಇರುತ್ತದೆಯೇ ಎಂದುಕೊಂಡೆ.

ಅಷ್ಟರಲ್ಲಿ ನಮ್ಮ ಮನೆಗೆ ಕೂಸುಗಳು ಬರುವುದು ನಿಂತಿತ್ತು. ಯಾರೂ ಏನೂ ಅನ್ನಲಿಲ್ಲ. ಹುಷಾರಿಲ್ಲದವರಿಗೆ ಯಾಕೆ ತೊಂದರೆ ಎಂದು ಬೇರೆ ಕೇರಿಗೆ ಹೋದರು, ಅಷ್ಟೆ. ನಂದಿನಿ ಒಬ್ಬಳೇ ಬರುತ್ತಿದ್ದಳು. ಹಣಕೋಣದಿಂದ ಪಕ್ಕದ ಮನೆಗೆ ಮದುವೆಯಾಗಿ ಬಂದ ಹುಡುಗಿ, ಚೊಚ್ಚಲ ಮಗು. ಒಂದು ಸಂಜೆ ಮಗುವನ್ನು ತಂದಳು. ನನ್ನ ಎಡಗಣ್ಣಲ್ಲಿ ಆ ಹೊತ್ತಿಗೆ ನೀರು ಸುರಿಯುತ್ತಿತ್ತು. ಒಂದು ಕೈಯಲ್ಲಿ ಅದಕ್ಕೆ ಸೆರಗು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೆಣಸು ಹಿಡಿದು ನಿವಾಳಿಸಿದೆ. ಒಲೆಗೆ ಹಾಕುವ ಮುಂಚೆ ಮುಷ್ಟಿ ಬಿಚ್ಚಿ ನೋಡಿದರೆ ಮೆಣಸು ಕೆಂಪಗಿರಲಿಲ್ಲ. ಒಣಗಿದ ಎಲೆಯ ಹಾಗೆ ಕಂದು, ಕಪ್ಪಿಗೆ ತಿರುಗಿದಂತೆ.

ನಾನು ದೃಷ್ಟಿ ತೆಗೆಯಲು ಶುರು ಮಾಡಿದಾಗಿನಿಂದ ಹಾಗೆ ಕಂಡದ್ದು ಅದೇ ಮೊದಲು. ಹೆದರಿಕೆಯಾಯಿತು, ಆದರೆ ಮಗುವಿಗಾಗಿ. "ಭಾರೀ ಅದೆ ಮಗಾ, ಕೈಯಲ್ಲೇ ಕಪ್ಪಾಯ್ತು. ಕೆಲವು ದಿವ್ಸ ಹೊರಗೆ ತರ್ಬೇಡ" ಎಂದೆ. ನಂದಿನಿ ಮಗುವನ್ನು ಎದೆಗವಚಿಕೊಂಡು ಓಡಿದಳು. ಆಮೇಲೆ ಅವಳು ಅಂಗಳಕ್ಕೂ ಮಗುವನ್ನು ತರಲಿಲ್ಲ.

ಮಳೆಗಾಲಕ್ಕೆ ಮುಂಚೆ ವರ್ಷಕ್ಕಾಗುವಷ್ಟು ಮೆಣಸು ತಂದು ಒಣಗಿಸುತ್ತೇವೆ. ನಮ್ಮವರು ಬ್ಯಾಡಗಿ ಮೆಣಸಿನ ಚೀಲ ತಂದಿಟ್ಟಿದ್ದರು. ಅಂಗಳದಲ್ಲಿ ಚಾಪೆ ಹಾಸಿ ಸುರಿದೆ. ಬಿಸಿಲಿಗೆ ಎಡಗಣ್ಣು ಮತ್ತೆ ನೀರಾಡಿತು, ಮತ್ತೆ ಸೆರಗು ಒತ್ತಿಕೊಂಡೆ. ಚಾಪೆಯ ತುಂಬ ಕಂದು ಮೆಣಸು. ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ, ಅಂಗಡಿಯವ ಹೋದ ವರ್ಷದ ಮಾಲು ಕೊಟ್ಟಿದ್ದಾನೆ, ನೀವು ನೋಡೂಕೂ ಹೋಗದೆ ಹೊತ್ಕಂಡು ಬಂದಿದ್ರಿ, ಇದ್ರಲ್ಲಿ ಒಂದಾದ್ರೂ..." ಎನ್ನುತ್ತ ಸೆರಗು ತೆಗೆದೆ.

ಚಾಪೆ ಕೆಂಪಾಗಿತ್ತು. ಹೊಳೆಯುವ ಕೆಂಪು.

ಎಡಗಣ್ಣು ಮುಚ್ಚಿದೆ. ಕಂದು. ಬಲಗಣ್ಣು ಮುಚ್ಚಿದೆ. ಕೆಂಪು. ಮತ್ತೆ ಮತ್ತೆ ಮಾಡಿದೆ. ಚಾಪೆಯ ಅಂಚಿನಲ್ಲೇ ಕೂತೆ. ಅತ್ತೆಯನ್ನು ಕರೆದು, "ಅತ್ತೆ, ಈ ಮೆಣಸು ಯಾವ ಬಣ್ಣ?" ಎಂದು ಕೇಳಿದೆ.

"ಎಂತ ಕೇಳ್ತ್ಯೆ? ಕಣ್ಣು ಕಾಣೂದಿಲ್ವಾ ನಿಂಗೆ?" ಎಂದವರು ನನ್ನ ಮುಖ ನೋಡಿ ಹತ್ತಿರ ಬಂದು ಕೂತರು. ಆಮೇಲೆ ಮೆಲ್ಲಗೆ, "ಕೆಂಪು ಮಗಾ. ಒಳ್ಳೇ ಕೆಂಪು ಅದೆ" ಎಂದರು.

ನಂದಿನಿಯ ಮಗುವಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ನನಗೆ. ಆ ಸಂಜೆಯಿಂದ ಈವರೆಗೆ ಎಷ್ಟು ದಿನ ಹೋದವು ಎಂದು ಎಣಿಸಲು ನನಗೆ ಧೈರ್ಯವಾಗಲಿಲ್ಲ. ಒಂದು ದಿನವೂ ಕಾಯಬೇಡಿ ಎಂದಿದ್ದರಲ್ಲ.

ಕಾರವಾರದ ಡಾಕ್ಟರಿಗೆ ಫೋನು ಮಾಡಿದ್ದಕ್ಕೆ, ಇಲ್ಲಿಗೂ ಬರಬೇಡಿ, ನೇರ ಗೋವಾದ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ನಮ್ಮವರು ಗೆಳೆಯರೊಬ್ಬರ ಕಾರು ತಂದರು. ಬಿಣಗಾ ದಾಟಿದ ಮೇಲೆ ಹೆದ್ದಾರಿಯ ಸುರಂಗ ಬಂತು. ಒಳಗೆ ಹೊಕ್ಕಾಗ ನಾನು ಬೇಕೆಂದೇ ಎಡಗಣ್ಣು ಮುಚ್ಚಿದೆ. ಬಲಗಣ್ಣಿಗೆ ದೀಪಗಳೆಲ್ಲ ಕೊಳೆ ಹಿಡಿದ ಗಾಜಿನ ಹಿಂದೆ ಇದ್ದಂತೆ ಕಂಡವು. ಇದು ಪೂರ್ತಿ ಆರಿದರೆ, ಆಮೇಲೆ ಎಡಗಣ್ಣೂ ಇದೇ ದಾರಿ ಹಿಡಿದರೆ? ಗದ್ದೆಯ ಬದುವಿನ ಮೇಲೆ ಹೇಗೆ ನಡೆಯುವುದು? ಮೀನು ಹೆಚ್ಚುವುದು ಹೇಗೆ? ಬಚ್ಚಲಿಗೂ ಯಾರೋ ನನ್ನ ಕೈ ಹಿಡಿದು ಕರೆದೊಯ್ಯಬೇಕೇ? ಕಾಳಿ ಸೇತುವೆ ಬಂದದ್ದು, ಮಾಜಾಳಿ ದಾಟಿದ್ದು ನನಗೆ ಗೊತ್ತಾಗಲೇ ಇಲ್ಲ. ನಮ್ಮವರು ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು: "ಎಂತ ಆಗೂದಿಲ್ಲ." ಅವರ ದನಿ ಕೇಳಿದರೆ ಎಲ್ಲ ಆಗುತ್ತದೆ ಎಂದೇ ಅನಿಸುತ್ತಿತ್ತು.

ಅಲ್ಲಿ ಕಾಯುವ ಜಾಗದಲ್ಲಿ ಒಂದು ಬೆಂಚಿನ ಮೇಲೆ ನನ್ನಂಥವರೇ ಮೂವರು ಕೂತಿದ್ದರು. ಅಷ್ಟು ದಿನ ಇದು ನನಗೊಬ್ಬಳಿಗೇ ಬಂದ ಶಾಪ ಎಂದುಕೊಂಡಿದ್ದೆ. ನಾಲ್ವರೂ ಪರಸ್ಪರ ನೋಡಿದೆವು, ಯಾರೂ ಕಣ್ಣು ತಪ್ಪಿಸಲಿಲ್ಲ. ಎಷ್ಟೋ ಕಾಲದ ಮೇಲೆ ಒಬ್ಬರ ಮುಖವನ್ನು ನೆಟ್ಟಗೆ ನೋಡಿದ್ದೆ. ಇದನ್ನು ಬರೆಯುತ್ತಿರುವುದೂ ಅದಕ್ಕೇ. ಇನ್ನೂ ಆ ಬೆಂಚಿಗೆ ಬಂದು ಸೇರದೆ ಕನ್ನಡಿಯ ಮುಂದೆ ಒಬ್ಬರೇ ನಿಂತಿರುವವರು ಇರುತ್ತಾರೆ.

ಡಾಕ್ಟರು ನಡುವಯಸ್ಸಿನ ಹೆಂಗಸು, ಕೊಂಕಣಿಯವರು. ಮೇಜಿನ ಮೇಲಿದ್ದ ಔಷಧಿ ಶೀಶೆಯ ಕೆಂಪು ಮುಚ್ಚಳ ತೆಗೆದು ನನ್ನೆದುರು ಹಿಡಿದರು. ಒಂದು ಕಣ್ಣು ಮುಚ್ಚಿಸಿದರು, ಆಮೇಲೆ ಇನ್ನೊಂದು. ಎರಡಕ್ಕೂ ಕೆಂಪು ಒಂದೇ ರೀತಿ ಇದೆಯೇ ಎಂದು ಕೇಳಿದರು.

"ಎಡಗಣ್ಣಿಗೆ ಹೊಸ ಮೆಣಸು, ಬಲಗಣ್ಣಿಗೆ ಹಳೇ ಮೆಣಸು" ಎಂದೆ. ಬಾಯಿಗೆ ಬಂದದ್ದೇ ಅದು.

ಅವರು ನಗಲಿಲ್ಲ. ಮುಚ್ಚಳವನ್ನು ಕೆಳಗಿಟ್ಟು, ಮೆಣಸಿನ ಕಥೆಯನ್ನು ನನ್ನಿಂದ ಪೂರ್ತಿ ಹೇಳಿಸಿದರು. ಕಣ್ಣಿನ ಹಿಂದೆ ಊತ ಬಂದು ನೋಟದ ನರವನ್ನು ಒತ್ತುತ್ತಿದೆ, ಇವತ್ತೇ ದಾಖಲಾಗಬೇಕು, ಸಲೈನಿನಲ್ಲಿ ಔಷಧಿ ಕೊಡುತ್ತೇವೆ, ಅದಕ್ಕೂ ಬಗ್ಗದಿದ್ದರೆ ಕಣ್ಣಿನ ಹಿಂದಿನ ಎಲುಬು ತೆಗೆದು ಜಾಗ ಮಾಡಬೇಕು ಎಂದರು. ಎಲುಬು ಎಂದದ್ದೇ ನನ್ನ ಕಿವಿ ಮುಚ್ಚಿತು. ಅವರು ನನ್ನ ಕೈ ಹಿಡಿದು "ಭಿಯೆನಾಕಾ ಗೋ" ಎಂದರು. ಹೆದರಬೇಡ ಎಂದು. ನಾನು ಅವರ ಮುಂದೆಯೇ ಅತ್ತುಬಿಟ್ಟೆ. ಆಮೇಲೆ ಅವರು ನಮ್ಮವರ ಕಡೆ ತಿರುಗಿ, ಈ ಕಣ್ಣಿಗೆ ಸಿಗರೇಟಿನ ಹೊಗೆ ವಿಷ, ಮನೆಯಲ್ಲಿ ಸೇದುವವರು ಯಾರು ಎಂದು ಕೇಳಿದರು. ನಮ್ಮವರು ನೆಲ ನೋಡಿದರು. ಜೇಬಿನಲ್ಲಿದ್ದ ಪೊಟ್ಟಣ ತೆಗೆದು ಅಲ್ಲಿಯೇ ಮೂಲೆಯ ಕಸದ ಬುಟ್ಟಿಗೆ ಹಾಕಿದರು. ಮದುವೆಯಾದಾಗಿನಿಂದ ನಾನು ಗೋಗರೆದರೂ ಆಗದ ಕೆಲಸ ಅದು.

ವಾರ್ಡಿನಲ್ಲಿ ಸಲೈನು ಹಾಕಿದ ಮೇಲೆ ಬಾಯಿಯೆಲ್ಲ ತುಕ್ಕು ನೆಕ್ಕಿದಂತೆ ರುಚಿ. ಮುಖ ಬಿಸಿಯಾಗುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ, ಹಸಿವು ಮಾತ್ರ ವಿಪರೀತ. ಅತ್ತೆ ನಮ್ಮವರ ಕೈಯಲ್ಲಿ ಬಟ್ಟೆಯ ಗಂಟಿನಲ್ಲಿ ಉಪ್ಪು ಕಟ್ಟಿ ಕಳಿಸಿದ್ದರು, ದಿಂಬಿನ ಕೆಳಗಿಡಲು. ನರ್ಸು ಹಾಸಿಗೆ ಸರಿಪಡಿಸುವಾಗ ಅದು ಸಿಕ್ಕಿತು. ಬೈಯುತ್ತಾರೆ ಎಂದುಕೊಂಡೆ. ಅವರು ಚಾದರ ಬದಲಿಸಿ, ಗಂಟನ್ನು ಇದ್ದಲ್ಲೇ ಇಟ್ಟು ದಿಂಬು ಮುಚ್ಚಿದರು.

ಎದುರಿನ ಮಂಚದಲ್ಲಿ ಗೋವಾದ ಕಾಣಕೋಣದ ಒಬ್ಬ ಹೆಂಗಸು. ಬೆಳಿಗ್ಗೆ ಮುಖ ತೊಳೆದು ಹಣೆಗೆ ದೊಡ್ಡ ಕುಂಕುಮ ಇಡುತ್ತಿದ್ದರು. ನನಗೆ ಅದೇ ಪರೀಕ್ಷೆ. ಎಡಗಣ್ಣು ಮುಚ್ಚಿ ಅವರ ಹಣೆ ನೋಡುತ್ತಿದ್ದೆ. ಮೊದಲ ಬೆಳಿಗ್ಗೆ ಮಣ್ಣಿನ ಬಣ್ಣ. ಮರುದಿನವೂ ಮಣ್ಣೇ. ಎಲುಬು ತೆಗೆಯುವುದು ನಿಕ್ಕಿ ಎಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದೆ, ಊಟವೂ ಬೇಡವಾಯಿತು. ಅದರ ಮಾರನೆಯ ಬೆಳಿಗ್ಗೆ ನೋಡಲು ಮನಸ್ಸೇ ಬರಲಿಲ್ಲ. ವಿಷಯ ತಿಳಿದಿದ್ದ ಆ ಹೆಂಗಸೇ ಸಲೈನಿನ ಕಂಬ ತಳ್ಳಿಕೊಂಡು ನನ್ನ ಮಂಚಕ್ಕೆ ಬಂದು, ಹಣೆಯನ್ನು ನನ್ನ ಮೂಗಿನ ಹತ್ತಿರ ತಂದು, "ಪಳೆ" ಎಂದರು. ನೋಡು ಎಂದು.

ನೋಡಿದೆ. ಮಣ್ಣಿನೊಳಗಿಂದ ಸ್ವಲ್ಪ ಕೆಂಪು ಎದ್ದಿತ್ತು. ನಿಜವಾಗಿಯೋ, ನಾನೇ ಆಸೆಯಿಂದ ಕಾಣುತ್ತಿದ್ದೇನೋ ತಿಳಿಯದೆ ಡಾಕ್ಟರು ಬರುವವರೆಗೆ ಯಾರಿಗೂ ಹೇಳಲಿಲ್ಲ. ಅವರು ಮುಚ್ಚಳ ಹಿಡಿದರು. ಕೆಂಪೇ.

ಎಲುಬು ತೆಗೆಯಬೇಕಾಗಿ ಬರಲಿಲ್ಲ. ಆಮೇಲೆ ಕೆಲವು ತಿಂಗಳು ಗೋವಾಕ್ಕೆ ಹೋಗಿ ಬಂದು ಸಲೈನು ಹಾಕಿಸಿಕೊಂಡೆ. ಕಣ್ಣು ಪೂರ್ತಿ ಒಳಗೆ ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಜನರೆದುರು ಕಪ್ಪು ಕನ್ನಡಕ ಹಾಕಿಕೊಳ್ಳುತ್ತೇನೆ. ಮಲಗಿದಾಗ ರೆಪ್ಪೆ ಕೂಡುವುದಿಲ್ಲ. ಮುಲಾಮು ಹಾಕಿ, ತೆಳ್ಳಗಿನ ಪಟ್ಟಿ ಅಂಟಿಸಿ ಮುಚ್ಚಬೇಕು. ಆ ಕೆಲಸ ಅತ್ತೆಯದು. "ಕಣ್ಣು ಮುಚ್ಚೂಕೂ ಒಂದು ಆಳು ಬೇಕು ನಿಂಗೆ" ಎಂದು ಗೊಣಗುತ್ತಲೇ ನಡುಗುವ ಬೆರಳಿನಲ್ಲಿ ಅಂಟಿಸುತ್ತಾರೆ. ಒಮ್ಮೊಮ್ಮೆ ಹುಬ್ಬಿಗೂ ಸೇರಿಸಿ ಅಂಟಿಸುತ್ತಾರೆ. ಬೆಳಿಗ್ಗೆ ಕೀಳುವಾಗ ನಾನು ನಿಜವಾಗಿ ಕಣ್ಣು ಬಿಡುತ್ತೇನೆ, ಈಗ ಅವರು ಹೆದರುವುದಿಲ್ಲ.

ಹೆದರಿಕೆ ನನ್ನದು ಮಾತ್ರ ಹೋಗಿಲ್ಲ. ಎದ್ದ ತಕ್ಷಣ ದೇವರ ಮುಖಕ್ಕೂ ಮೊದಲು ಅಡುಗೆಮನೆಯ ಮೆಣಸಿನ ಡಬ್ಬಿ ನೋಡುತ್ತೇನೆ. ಒಂದು ಕಣ್ಣು, ಆಮೇಲೆ ಇನ್ನೊಂದು. ಮೋಡ ಕವಿದ ದಿನ ಕೆಂಪು ಸ್ವಲ್ಪ ಕಮ್ಮಿ ಕಂಡರೆ, ಡಬ್ಬಿಯನ್ನು ಬಾಗಿಲ ಬೆಳಕಿಗೆ ಒಯ್ದು ಇನ್ನೊಮ್ಮೆ ನೋಡಿದ ಮೇಲೆಯೇ ಚಾ ಇಡುವುದು.

ಆಸ್ಪತ್ರೆಯಿಂದ ಬಂದ ಮೇಲೆ ನಂದಿನಿಯನ್ನು ಕರೆದು ಹೇಳಿದ್ದೆ. ಮಗುವಿಗೆ ಏನೂ ಇರಲಿಲ್ಲ, ಕಪ್ಪಾದದ್ದು ನನ್ನ ಕಣ್ಣು ಎಂದು. ಇನ್ನು ನನ್ನ ಹತ್ತಿರ ತರಬೇಡ ಎಂದೂ ಹೇಳಿದೆ. ಆದರೂ ಅವಳು ಹೋದ ಆಯ್ತಾರ ದೀಪ ಹಚ್ಚುವ ಹೊತ್ತಿಗೆ ಮಗುವನ್ನೆತ್ತಿಕೊಂಡು ಬಂದು ನಿಂತಳು.

"ನಿನ್ನೆಯಿಂದ ಒಂದೇ ಸಮ ಅಳ್ತದೆ ಅಕ್ಕಾ. ತೆಗೀರಿ."

"ನನ್ನ ಈ ಕಣ್ಣು ಕಂಡ್ರೆ ಮತ್ತೂ ಅಳ್ತದೆ. ಬೇರೆ ಕೇರಿಗೆ ಕರ್ಕೊಂಡು ಹೋಗು."

"ನಿಮ್ಮ ಕಣ್ಣು ಕಂಡ್ರೆ ದೃಷ್ಟಿಯೇ ಹೆದ್ರಿ ಓಡ್ತದೆ. ಸುಮ್ಮನೆ ತೆಗೀರಿ" ಎಂದು ಮಗುವನ್ನು ನನ್ನೆದುರು ಮಣೆಯ ಮೇಲೆ ಕೂರಿಸಿಯೇ ಬಿಟ್ಟಳು.

ಮಗು ಅಳು ನಿಲ್ಲಿಸಿ ನನ್ನನ್ನು ನೋಡಿತು. ನಾನು ಮುಖ ತಿರುಗಿಸಲು ಹೋದೆ. ಅಷ್ಟರಲ್ಲಿ ಅದು ಕೈ ಚಾಚಿ ನನ್ನ ಕಪ್ಪು ಕನ್ನಡಕ ಎಳೆದುಕೊಂಡು ಬಾಯಿಗೆ ಹಾಕಿತು. ನನ್ನ ಬರಿಗಣ್ಣು ಕಂಡರೂ ಅಳಲಿಲ್ಲ.

ಹೊಗೆ ನನಗೆ ಆಗದು ಎಂದು ಅತ್ತೆ ಒಲೆಯನ್ನು ಹಿತ್ತಲಿನಲ್ಲಿ ಹೊತ್ತಿಸಿದ್ದರು. ನಾನು ನಿವಾಳಿಸಿ ಕೊಡುವುದು, ಅವರು ಬೆಂಕಿಗೆ ಹಾಕುವುದು ಎಂದು ಮಾತಾಯಿತು. ಉಪ್ಪು, ಸಾಸಿವೆ, ಮೆಣಸು ಹಿಡಿದು ನಿವಾಳಿಸಿದೆ. ಮುಷ್ಟಿ ಬಿಚ್ಚಲು ಸ್ವಲ್ಪ ಹೊತ್ತು ಬೇಕಾಯಿತು. ಬಿಚ್ಚಿದೆ. ಬಲಗಣ್ಣು ಮುಚ್ಚಿ ನೋಡಿದೆ. ಆಮೇಲೆ ಎಡಗಣ್ಣು ಮುಚ್ಚಿ ನೋಡಿದೆ.

"ಎಂತ ಅಕ್ಕಾ? ಭಾರೀ ಅದ್ಯಾ?" ನಂದಿನಿ ಕೇಳಿದಳು.

"ಇಲ್ಲ ಮಗಾ. ಮೆಣಸು ಕೆಂಪಗೇ ಅದೆ."

ನಂದಿನಿ ಮಗುವನ್ನೆತ್ತಿಕೊಂಡು ಉಸಿರು ಬಿಟ್ಟಳು. ಹಿತ್ತಲ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದ ಅತ್ತೆಯೂ ಉಸಿರು ಬಿಟ್ಟರು. ಅವರು ನೋಡುತ್ತಿದ್ದದ್ದು ಮಗುವನ್ನಲ್ಲ, ನನ್ನನ್ನು.